ಮದ್ದಿನ ಅಳತೆ

ಅಪ್ಪರ್ ಹಟ್ ಎಂಬ ಪರದೇಶದ ಊರಿನ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಕಿಟಕಿಯ ಅಂಚಿನ ಮೇಲೆ, ಜೋಡಿ ತಪ್ಪಿದ ಕಾಲುಚೀಲಗಳ ಪಕ್ಕದಲ್ಲಿ, ಗುಂಡು ಹಾರಿ ಖಾಲಿಯಾದ ಹಿತ್ತಾಳೆಯ ತೋಟಾಗಳು ತೊಳೆಸಿಕೊಂಡು ಒಣಗುತ್ತಿರುತ್ತವೆ. ನನ್ನ ಗಂಡ ಶ್ರೀಧರ್ ರೈಫಲ್ ಕ್ಲಬ್ಬಿನಿಂದ ಆರಿಸಿ ತರುವ ಸಂಪತ್ತು ಅದು. ಅವರ ಹಳೆಯ ರೈಫಲ್ಲಿನ ತೋಟಾ ಅಂಗಡಿಗಳಲ್ಲಿ ಅಪರೂಪವಾದಾಗ, ಈ ಖಾಲಿಗಳಿಗೇ ಮನೆಯಲ್ಲಿ ಮತ್ತೆ ಮದ್ದು, ಗುಂಡು ತುಂಬಿಕೊಳ್ಳೋಣ ಎಂದು ಹೊರಟರು. ಪರವಾನಗಿ ಇಬ್ಬರಿಗೂ ಇದೆ. ಉತ್ಸಾಹ ಮಾತ್ರ ಅವರೊಬ್ಬರದು.

ನಾನು ಆಸ್ಪತ್ರೆಯ ನರ್ಸು. ನನ್ನ ವಾರ್ಡಿನ ಔಷಧವನ್ನೂ ಅವರ ಬಂದೂಕಿನ ಪುಡಿಯನ್ನೂ ಮದ್ದು ಎಂಬ ಒಂದೇ ಪದದಲ್ಲಿ ಹಿಡಿಸಿದ ನಮ್ಮ ಭಾಷೆಗೆ ಏನೋ ಗೊತ್ತಿದ್ದಿರಬೇಕು: ಅಳತೆ ಮೀರಿದರೆ ಎರಡೂ ಕೇಡೇ.

ವಾರವಿಡೀ ಹೆಚ್ಚುವರಿ ಪಾಳಿ ಮಾಡಿ ಸೋತಿದ್ದ ಶನಿವಾರ ನನ್ನನ್ನೂ ಬಂದೂಕಿನ ಅಂಗಡಿಗೆ ಕರೆದೊಯ್ದರು. ಅಲ್ಲಿ ಹಿಡಿಕೆ ಎಳೆದಂತೆಲ್ಲ ತೋಟಾ ಉದುರಿಸುವ ದೊಡ್ಡ ಯಂತ್ರವೊಂದಿತ್ತು. ಪಕ್ಕದಲ್ಲಿ, ಒಮ್ಮೆಗೆ ಒಂದೇ ತೋಟಾ ಒತ್ತುವ ಮೊದ್ದು ಪ್ರೆಸ್ಸು.

“ಒಂದೊಂದೇ ಒತ್ತುತ್ತಾ ಕೂತ್ರೆ ಯಾವಾಗ ಮುಗಿಯೋದು?” ಎಂದರು ಶ್ರೀಧರ್.

“ಮುಗಿಸೋ ಆತುರ ಇದ್ರೆ ಇದು ಬೇಡ ರೀ. ವಾರ್ಡಲ್ಲಿ ಇನ್ನೊಬ್ರು ನೋಡ್ದೆ ಇಂಜೆಕ್ಷನ್ನೇ ಕೊಡಲ್ಲ ನಾವು. ಗುಂಡು ಕೂರಿಸೋ ಮುಂಚೆ ಪ್ರತಿಯೊಂದರ ಒಳಗೂ ನಾನು ನೋಡ್ಬೇಕು.”

ಮುಖ ಸಣ್ಣದು ಮಾಡಿಕೊಂಡೇ ಮೊದ್ದು ಪ್ರೆಸ್ಸನ್ನೂ ಒಂದು ಒಳ್ಳೆಯ ತಕ್ಕಡಿಯನ್ನೂ ಕೊಂಡರು.

ಮರುದಿನ ಗ್ಯಾರೇಜಿನಲ್ಲಿ ಕೈಪಿಡಿ ಓದಿ, ತೂಗಿ, ಅವರು ಮದ್ದು ಸುರಿದರು. ನಾನು ಟಾರ್ಚ್ ಹಿಡಿದು ಒಂದೊಂದು ತೋಟಾದೊಳಗೂ ಇಣುಕಿದೆ. ಆಯಾಸವೆಂಬುದು ವಿಚಿತ್ರ, ಗೆಳೆಯರೇ. ಜ್ವರದಂತೆ ಮೈ ಸುಡುವುದಿಲ್ಲ, ಗಾಯದಂತೆ ನೋಯುವುದಿಲ್ಲ, ಚೆನ್ನಾಗಿಯೇ ಇದ್ದೇನೆಂದು ನಮ್ಮ ಬಾಯಿಂದಲೇ ಹೇಳಿಸಿ ಬೆರಳುಗಳೊಳಗೆ ಅಡಗಿ ಕೂರುತ್ತದೆ. ಸಾಲಿನ ನಡುವೆ ಒಂದರಲ್ಲಿ ಪುಡಿ ಮಿಕ್ಕವಕ್ಕಿಂತ ಮೇಲೆ ನಿಂತಿತ್ತು. ನಿಜ ಹೇಳಬೇಕೆಂದರೆ ನನ್ನ ಕಣ್ಣು ಅದನ್ನು ದಾಟಿ ಮುಂದೆ ಹೋಗಿತ್ತು; ಏಕೋ ಹಿಂದಿರುಗಿತು.

“ರೀ, ಇದನ್ನ ನೋಡಿ.”

ನೋಡಿದರು. ಮದ್ದು ಹೆಚ್ಚಾದರೆ ಒಡೆದು ಸಿಡಿಯುವ ಆ ರೈಫಲ್ಲನ್ನು ಕೆನ್ನೆಗೆ ಒತ್ತಿ ನಿಲ್ಲುವುದು ಅವರೇ. ಎಲ್ಲವನ್ನೂ ಬರಿದು ಮಾಡಿ, ಮದ್ದನ್ನು ಡಬ್ಬಿಗೆ ಮರಳಿಸಿ ಬೀಗ ಹಾಕಿದರು.

“ಸಾಕು ಇವತ್ತಿಗೆ. ಇಬ್ರಿಗೂ ಸುಸ್ತಾಗಿದೆ ಕಣೇ.”

ಆ ಮಾತನ್ನು ಯಾರಾದರೂ ಹೇಳಲಿ ಎಂದು ಎಷ್ಟು ಕಾಲದಿಂದ ಕಾದಿದ್ದೆನೋ, ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಸಂಜೆ ವಾರ್ಡಿನಿಂದ ಫೋನು ಬಂತು: ನಾಳೆ ಒಂದು ಪಾಳಿ ಹೆಚ್ಚು ಮಾಡಲಾದೀತೇ?

ಆಗುವುದಿಲ್ಲ ಎಂದೆ. ಕಾರಣ ಕೇಳಿದರು. ದಣಿದಿದ್ದೇನೆ ಎಂದೆ.