ಕಾಶಮ್ಮನ ಬೆಳ್ಳನೆ ಒಸಡು

ಬಾಣಸವಾಡಿಯ ಕಾಶಮ್ಮನಿಗೆ ತನ್ನ ನೆಗೆಣ್ಣಿ, ಮೈದುನನ ಹೆಂಡತಿ ರೇವತಿಯ ಒಸಡಿನ ಮೇಲೇ ಕಣ್ಣು ನೋಡಿ. ಟಿನ್ ಫ್ಯಾಕ್ಟರಿ ಹತ್ತಿರ ಆಟೋ ಮಗುಚಿ ಇಬ್ಬರಿಗೂ ಮೇಲ್ದವಡೆ ಮುರಿದು, ಒಂದೇ ದಿನ ಆಪರೇಷನ್ ಆಗಿತ್ತು. ಡಾಕ್ಟರು ಬೆರಳಲ್ಲಿ ಒತ್ತಿ ಬಿಟ್ಟರೆ ರೇವತಿಯ ಒಸಡು ತಟ್ಟನೆ ಕೆಂಪಾಗುತ್ತಿತ್ತು, ಕಾಶಮ್ಮನದು ಬೆಳ್ಳಗೇ ಇರುತ್ತಿತ್ತು.

"ರಕ್ತ ಸರಿಯಾಗಿ ಓಡ್ತಿಲ್ಲಮ್ಮ, ಹೀಗೇ ಆದ್ರೆ ಹಲ್ಲು ಉಳಿಯಲ್ಲ" ಅಂದರು.

ಕಾಶಮ್ಮ ಮನೆಗೆ ಬಂದು ರೇವತಿಯ ಮೇಲೆ ಉರಿದುಬಿದ್ದಳು. "ಅತ್ತಿ ನಿನಗ ಗಟ್ಟಿ ಗಂಜಿ ಹಾಕ್ತಾಳ, ನನಗ ತಿಳಿ."

"ಗಂಜಿ ಒಂದೇ ಗಡಿಗಿದು ಅಕ್ಕಾ. ನಾ ಹಲ್ಲಿಗೆ ತಿಕ್ಕೋ ತಂಬಾಕಿನ ಪುಡಿ ಬಿಟ್ಟೀನಿ. ನೀ ಒಸಡು ಗಟ್ಟಿಯಾಗಲಿ ಅಂತ ಇನ್ನೂ ಕದ್ದು ತಿಕ್ಕತಿ. ಅದು ರಕ್ತ ತಡೀತದ."

ಕಾಶಮ್ಮ ಪುಡಿ ಡಬ್ಬಿಯನ್ನು ಮೋರಿಗೆ ಸುರಿದಳು. ಹದಿನೈದು ದಿನದ ಮೇಲೆ ಕನ್ನಡಿ ಮುಂದೆ ಒತ್ತಿ ನೋಡಿದರೆ ಒಸಡು ಮೆಲ್ಲಗೆ ಕೆಂಪೇರಿತು. ಅಷ್ಟಕ್ಕೇ ಸಮಾಧಾನವಾಗಲಿಲ್ಲ.

"ರೇವತಿ, ಬಾ ಇಲ್ಲಿ. ಬಾಯಿ ತೆಗಿ, ನಿಂದೂ ಒತ್ತಿ ನೋಡ್ತೀನಿ."