ವಿಳಾಸವಿಲ್ಲದ ಸೋಪು

ನಮ್ಮ ಮಹಡಿ ಮೇಲಿನ ಸೋಪಿನಕ್ಕನಿಗೆ ಲೇಬಲ್ ಎಂದರೆ ಪ್ರಾಣ. ಅಡುಗೆಮನೆಯಲ್ಲೇ ಸೋಪು ಕಾಸಿ ಅಚ್ಚಿಗೆ ಹೊಯ್ದು, ಕೊಬ್ಬರಿ ಎಣ್ಣೆಯಿಂದ ಚಿಟಿಕೆ ಅರಿಶಿನದವರೆಗೆ ಹಾಕಿದ್ದನ್ನೆಲ್ಲ ಅಂಗೈಯಗಲದ ಚೀಟಿಯಲ್ಲಿ ಬರೆಯುತ್ತಾಳೆ; ಬಿಟ್ಟರೆ ಕಲಕುವಾಗ ಸುರಿದ ಬೆವರನ್ನೂ ಬರೆದಾಳು. ನನ್ನ ಮಗುವಿನ ಚರ್ಮಕ್ಕೆ ಏನಾಗುತ್ತದೋ ಎಂದು ಹೆದರಿ ನಾನು ಮತ್ತೆ ಮತ್ತೆ ಕೇಳಿದರೆ, "ಓದ್ಕೊಳ್ಳೇ ತಾಯಿ, ಸೋಪಿನ ಜಾತಕಾನೇ ಇದೆ ಅದ್ರಲ್ಲಿ" ಎಂದು ನಗುತ್ತಾಳೆ. ತಯಾರಿಸಿದವರ ವಿಳಾಸದ ಜಾಗ ಮಾತ್ರ ಖಾಲಿ. ವಿಳಾಸವಿಲ್ಲದ ಸೋಪನ್ನು ಅಂಗಡಿಯವರು ಇಡುವಂತಿಲ್ಲ ಎಂಬುದು ನಿಯಮ. ದೊಡ್ಡ ಅಂಗಡಿಯೊಂದು ತಾನಾಗಿ ಕೇಳಿಕೊಂಡು ಬಂದಾಗಲೂ ಅವಳು ಬೇಡವೆಂದಳು. "ಬರೆದುಬಿಡಕ್ಕಾ, ಮನೆ ವಿಳಾಸ ತಾನೇ?" ಎಂದೆ. ಒಳಗೆ ಪಾಠ ಓದುತ್ತಿದ್ದ ತನ್ನ ಮಗಳತ್ತ ನೋಡಿ ದನಿ ತಗ್ಗಿಸಿದಳು: "ಇವಳನ್ನ ಎತ್ಕೊಂಡು ತಪ್ಪಿಸ್ಕೊಂಡು ಬಂದಿದೀನಿ ಕಣೇ. ಇವಳಪ್ಪನೂ ಸೋಪು ಕೊಳ್ತಾನಲ್ಲ."