ಒಳ್ಳೆಯ ಉಪ್ಪು

ಈಸ್ಟರ್ ಕಳೆದ ವಾರ ನನ್ನ ತಮ್ಮ ವಿಲ್ಲಿಯ ಪಾದಗಳ ಮೇಲೆ ಚಪ್ಪಲಿಯ ಪಟ್ಟಿ ಗುರುತು ಬಿಡತೊಡಗಿತು. ಬೆರಳಿನಿಂದ ಒತ್ತಿ ನೋಡಿದೆ. ಗುಳಿ ಬಿತ್ತು. ಹಾಗೆಯೇ ಉಳಿಯಿತು.

ಮಣಿಪಾಲದ ಡಾಕ್ಟರ್ ಬ್ಲಡ್ ರಿಪೋರ್ಟ್ ನೋಡಿ ಕನ್ನಡಕ ತೆಗೆದರು. "ಶುಗರ್‌ನಿಂದ ಕಿಡ್ನಿ ಹಾಳಾಗಿದೆ. ಸದ್ಯಕ್ಕೆ ಡಯಾಲಿಸಿಸ್ ಬೇಡ. ಆದರೆ ಉಪ್ಪು ತುಂಬಾ ಕಡಿಮೆ ಮಾಡಬೇಕು. ಒಣಮೀನು, ಉಪ್ಪಿನಕಾಯಿ ಬೇಡವೇ ಬೇಡ. ಹೋಗುವಾಗ ಡಯಟೀಶಿಯನ್‌ರನ್ನು ನೋಡಿಕೊಂಡು ಹೋಗಿ."

ಡಯಟೀಶಿಯನ್ ರೂಮಿನ ಮುಂದೆ ಉದ್ದ ಸಾಲು. ವಿಲ್ಲಿಗೆ ನಿಲ್ಲಲು ಆಗುತ್ತಿರಲಿಲ್ಲ. ನನಗೂ ಎಪ್ಪತ್ತಮೂರು. ಕಾನ್ವೆಂಟಿನಲ್ಲಿ ಕಲಿತು, ಕಾನ್ವೆಂಟಿನಲ್ಲೇ ಜೀವಮಾನವಿಡೀ ಇಂಗ್ಲಿಷ್ ಕಲಿಸಿದವಳಿಗೆ ಒಂದು ಡಯಟ್ ಚಾರ್ಟ್ ಓದಿ ತಿಳಿದುಕೊಳ್ಳಲು ಬೇರೆಯವರು ಬೇಕೇ? ನಮ್ಮೂರು ಕೆಮ್ಮಣ್ಣಿಗೆ ಹೋಗುವ ಬಸ್ಸು ಹಿಡಿದು ಮನೆಗೆ ಬಂದೆವು.

ವಿಲ್ಲಿ ಮದುವೆಯಾಗಲಿಲ್ಲ. ಬಹರೈನಿನ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡಿ, ಮುದುಕನಾಗಿ ನನ್ನ ಮನೆಗೆ ಬಂದ. ಹಗಲೆಲ್ಲ ನೂರು ಜನರಿಗೆ ಬಿರಿಯಾನಿ ಬೇಯಿಸಿ, ರೂಮಿಗೆ ಬಂದು ತಾನು ಕನಸು ಕಾಣುತ್ತಿದ್ದದ್ದು ಮಾತ್ರ ಕುಚ್ಚಲಕ್ಕಿ ಗಂಜಿ ಮತ್ತು ಒಣ ಸಿಗಡಿ ಚಟ್ನಿ ಎಂದು ಹೇಳುತ್ತಾನೆ. ನಮ್ಮ ಮಮ್ಮಿ ಜ್ವರ ಬಂದಾಗ, ಪರೀಕ್ಷೆಯಲ್ಲಿ ಫೇಲ್ ಆದಾಗ, ಶವಸಂಸ್ಕಾರ ಮುಗಿಸಿ ಬಂದಾಗ, ಎಲ್ಲದಕ್ಕೂ ಕೊಡುತ್ತಿದ್ದದ್ದು ಅದನ್ನೇ.

ಅದನ್ನೇ ನಾನು ಹೆಲ್ದಿ ಮಾಡಲು ಹೊರಟೆ. ಒಣ ಸಿಗಡಿಯ ಬದಲು ಹಸಿ ಸಿಗಡಿ ಹುರಿದೆ. ಉಪ್ಪಿನ ಬದಲು ಕಾಳುಮೆಣಸು, ಬೆಳ್ಳುಳ್ಳಿ. ವಿಲ್ಲಿ ಒಂದು ಚಮಚ ಬಾಯಿಗಿಟ್ಟು ಬಟ್ಟಲನ್ನು ದೂರ ಸರಿಸಿದ.

"ಅಕ್ಕ, ಇದನ್ನು ಬಹರೈನಿನಲ್ಲಿ ಬಡಿಸಿದ್ದರೆ ನನ್ನನ್ನು ಅದೇ ದಿನ ಫ್ಲೈಟ್ ಹತ್ತಿಸುತ್ತಿದ್ದರು."

"ತಿನ್ನು. ಬಾಯಿಗಲ್ಲ, ಕಿಡ್ನಿಗೆ."

"ಕಿಡ್ನಿಗೆ ನಾಲಗೆ ಇಲ್ವಲ್ಲ!"

ನಗು ಬಂತು. ಆದರೆ ಅವನು ತಿನ್ನಲಿಲ್ಲ. ಮರುದಿನವೂ ಇಲ್ಲ. ಎರಡು ವಾರದಲ್ಲಿ ಅಂಗಿ ಹೆಗಲಿನಿಂದ ಜಾರತೊಡಗಿತು. ಕಿಡ್ನಿಗಿಂತ ಮೊದಲು ಹಸಿವೆಯೇ ಇವನನ್ನು ಕೊಂಡುಹೋಗುತ್ತದೆ ಎಂದು ಹೆದರಿದೆ.

ಆಗ ಉಡುಪಿಯ ಸೂಪರ್ ಮಾರ್ಕೆಟ್‌ನಲ್ಲಿ ಆ ಪ್ಯಾಕೆಟ್ ಕಂಡಿತು. ಲೋ ಸೋಡಿಯಂ ಸಾಲ್ಟ್. ಮುಂಭಾಗದಲ್ಲಿ ಹಸಿರು ಎಲೆ, ಕೆಂಪು ಹೃದಯದ ಚಿತ್ರ. ಎರಡು ಪ್ಯಾಕೆಟ್ ತಂದೆ. ಒಳ್ಳೆಯ ಉಪ್ಪು ಅಲ್ಲವೇ, ಧಾರಾಳವಾಗಿ ಹಾಕಿದೆ. ಗಂಜಿಗೆ, ಚಟ್ನಿಗೆ, ಮೀನು ಸಾರಿಗೆ.

ವಿಲ್ಲಿ ಬಟ್ಟಲು ಬರಿದು ಮಾಡಿದ. ಬೆರಳು ನೆಕ್ಕಿದ. ಮೂರು ವಾರ ನಮ್ಮ ಮನೆಯಲ್ಲಿ ಹಬ್ಬ.

ಒಂದು ಬೆಳಿಗ್ಗೆ ಅವನಿಗೆ ಮಂಚದಿಂದ ಏಳಲು ಆಗಲಿಲ್ಲ.

"ಕಾಲು ನನ್ನದಲ್ಲ ಅನ್ನಿಸ್ತದೆ, ಅಕ್ಕ" ಎಂದ. ಕೈ ಹಿಡಿದು ನಾಡಿ ನೋಡಿದೆ. ಬಡಿತಕ್ಕೂ ಬಡಿತಕ್ಕೂ ನಡುವೆ ತುಂಬಾ ಹೊತ್ತು. ಪಕ್ಕದ ಮನೆಯ ಸುಮತಿ ಆಂಬುಲೆನ್ಸ್‌ಗೆ ಫೋನ್ ಮಾಡಿದಳು.

ಕ್ಯಾಶುಯಲ್ಟಿಯಲ್ಲಿ ಇಸಿಜಿ ತೆಗೆದರು. ಯಾರೋ "ಪೊಟ್ಯಾಸಿಯಂ" ಎಂದರು, ಎಲ್ಲರೂ ಓಡಾಡಿದರು, ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಯುವ ಡಾಕ್ಟರೊಬ್ಬಳು ನನ್ನ ಕಡೆ ತಿರುಗಿದಳು. "ಆಂಟಿ, ಎಳನೀರು ಕೊಟ್ಟಿದ್ದೀರಾ? ಹಣ್ಣಿನ ಜ್ಯೂಸ್?"

"ಇಲ್ಲ. ಎಲ್ಲಾ ಕೇರ್‌ಫುಲ್ ಆಗಿ ಮಾಡ್ತೇನೆ. ಉಪ್ಪು ಕೂಡ ಲೋ ಸೋಡಿಯಂ."

ಆಕೆಯ ಪೆನ್ನು ನಿಂತಿತು. "ಪ್ಯಾಕೆಟ್ ತೋರಿಸಬಹುದಾ?"

ಸುಮತಿಗೆ ಫೋನ್ ಮಾಡಿದೆ. ಅವಳು ನಮ್ಮ ಅಡುಗೆಮನೆಯಿಂದ ಫೋಟೋ ಕಳಿಸಿ, "ಟೀಚರ್, ಹಿಂದೆ ಎಂತದೋ ಸಣ್ಣ ಅಕ್ಷರದಲ್ಲಿ ಬರೆದದ್ದುಂಟು, ನನಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ ಮಾರಾಯ್ರೆ" ಎಂದಳು.

ನನಗೆ ಬರುತ್ತದೆ.

ಕಿಡ್ನಿ ಕಾಯಿಲೆ ಇರುವವರು ಬಳಸಬಾರದು ಎಂದಿತ್ತು. ಸೋಡಿಯಂ ತೆಗೆದ ಜಾಗಕ್ಕೆ ಅವರು ತುಂಬಿಸುವುದು ಪೊಟ್ಯಾಸಿಯಂ. ಕೆಟ್ಟ ಕಿಡ್ನಿ ಅದನ್ನು ಹೊರಗೆ ಹಾಕಲಾರದು. ಅದು ಹೃದಯವನ್ನೇ ನಿಲ್ಲಿಸಬಹುದು ಎಂದು ಆ ಡಾಕ್ಟರ್ ಅಲ್ಲೇ ನಿಂತು ವಿವರಿಸಿದಳು. ಜೀವಮಾನವಿಡೀ ಮಕ್ಕಳಿಗೆ "ಪ್ರಶ್ನೆಪತ್ರಿಕೆಯ ಎರಡೂ ಬದಿ ಓದಿ" ಎಂದು ಹೇಳಿದವಳು ನಾನು.

ಡಯಾಲಿಸಿಸ್ ಮಾಡಿದರು. ಎರಡನೆಯ ದಿನ ಅವನು ಕಾಲ್ಬೆರಳು ಆಡಿಸಿದ. ಈ ಸಲ ನಾನು ಡಯಟೀಶಿಯನ್ ಸಾಲಿನಲ್ಲಿ ನಿಂತೆ. ಕಾರ್ಕಳದ ಹುಡುಗಿ, ನನಗೆ ಮೊಮ್ಮಗಳಾಗುವ ಪ್ರಾಯ. ಬೈಯಲಿಲ್ಲ. ಪೊಟ್ಯಾಸಿಯಂ ಕಳೆಯಲು ತರಕಾರಿ ಹೆಚ್ಚಿ, ತುಂಬ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲುವುದನ್ನು ಹೇಳಿಕೊಟ್ಟು, ಕನ್ನಡದಲ್ಲೇ ಒಂದು ಚಾರ್ಟ್ ಬರೆದುಕೊಟ್ಟಳು. ಉಪ್ಪು ಸಾಧಾರಣದ್ದೇ, ಆದರೆ ಇಡೀ ದಿನಕ್ಕೆ ಅಳೆದು ಅರ್ಧ ಟೀಸ್ಪೂನ್.

ಮನೆಗೆ ಬಂದ ಮೇಲೆ ನನಗೆ ಒಲೆ ಹಚ್ಚಲು ಆಗಲಿಲ್ಲ. ನಾಲ್ಕು ದಿನ ಸುಮತಿಯೇ ಚಾರ್ಟ್ ನೋಡಿ ಬೇಯಿಸಿ ತಂದಳು. ಯಾವ ಡಬ್ಬಿ ತೆಗೆದರೂ ಹಾಗೆಯೇ ಮುಚ್ಚಿ ಇಡುತ್ತಿದ್ದೆ. ದಣಿವೋ ಭಯವೋ ತಿಳಿಯದು. ಈ ವಯಸ್ಸಿನಲ್ಲಿ ಎರಡಕ್ಕೂ ವ್ಯತ್ಯಾಸ ಕಡಿಮೆ.

ಐದನೆಯ ದಿನ ವಿಲ್ಲಿ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದ.

"ನಿನಗೆ ಹೀಗಾದದ್ದು ನನ್ನಿಂದ" ಎಂದೆ. "ಆ ಉಪ್ಪು..."

"ಗೊತ್ತುಂಟು. ಡಾಕ್ಟರ್ ನನ್ನ ತಲೆಯ ಹತ್ತಿರವೇ ನಿಂತು ಹೇಳಿದ್ದಲ್ವಾ? ನನ್ನ ಕಾಲು ಹೋಗಿತ್ತು, ಕಿವಿ ಹೋಗಿರಲಿಲ್ಲ."

"ಮತ್ತೆ ಒಂದು ಮಾತೂ ಹೇಳಲಿಲ್ಲ?"

"ಎಂತ ಹೇಳುದು? ಆ ಮೂರು ವಾರ ಊಟ ಒಳ್ಳೆದಿತ್ತು."

ನಾನು ಅತ್ತೆ. ಅವನು ಸ್ಟೂಲ್ ಎಳೆದು ಕುಳಿತು ಬೆಳ್ಳುಳ್ಳಿ ಸುಲಿಯತೊಡಗಿದ. ಈಗ ನಮ್ಮ ಕ್ರಮ ಹೀಗೆ: ಏನೇ ಹಾಕುವ ಮೊದಲು ಇಬ್ಬರೂ ಗಟ್ಟಿಯಾಗಿ ಓದುತ್ತೇವೆ, ಮುಂದೆ, ಹಿಂದೆ. ಅರ್ಧ ಗಂಟೆಯ ಅಡುಗೆಗೆ ಎರಡು ಗಂಟೆ.

ಆ ದಿನ ಬಿಳಿ ಅಕ್ಕಿ ಗಂಜಿ, ತಿಳಿ ಬಸಿದದ್ದು; ಕುಚ್ಚಲಕ್ಕಿಯಲ್ಲಿ ಪೊಟ್ಯಾಸಿಯಂ ಹೆಚ್ಚಂತೆ. ಹಸಿ ಸಿಗಡಿ ನಾಲ್ಕು. ಅವನು ನಿಧಾನವಾಗಿ ತಿಂದ. ಮುಖ ಹಿಂಡಿದ. ಅರ್ಧ ಬಿಟ್ಟ. ನಾನು ಬೈಯಲಿಲ್ಲ. ಅದೇ ಗಂಜಿ ನನ್ನ ಬಟ್ಟಲಿನಲ್ಲೂ ಇತ್ತು, ನಿಜ ಹೇಳುವುದಾದರೆ ನನಗೂ ಇಳಿಯುತ್ತಿರಲಿಲ್ಲ.

ಕೈ ತೊಳೆದು ಬಂದು ಕೇಳಿದ, "ನಾಳೆ ಎಂತ ಮಾಡುವ, ಅಕ್ಕ?"